ಪರೇಲಿನ ಸಣ್ಣ ಕೋಣೆ, ದೊಡ್ಡ ಸದ್ದು

ಲೋವರ್ ಪರೇಲಿನ ಎನ್. ಎಂ. ಜೋಶಿ ಮಾರ್ಗವನ್ನು ಹಳಬರು ಇಂದಿಗೂ ಡಿಲೈಲ್ ರೋಡ್ ಎಂದೇ ಕರೆಯುತ್ತಾರೆ. ಊರು ಬಿಟ್ಟು ಮುಂಬಯಿಗೆ ಕೆಲಸಕ್ಕೆ ಬಂದ ನಮ್ಮಂಥವರಿಗೆ ಅದು ಆಫೀಸಿಗೆ ಹೋಗುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ರಸ್ತೆ, ಅಷ್ಟೆ. ಅದಕ್ಕೆ ಹೆಸರು ಕೊಟ್ಟ ನಾರಾಯಣ ಮಲ್ಹಾರ ಜೋಶಿ 1911ರಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಕಟ್ಟಿದವರು, 1920ರಲ್ಲಿ ಎಐಟಿಯುಸಿ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಒಬ್ಬರಾಗಿದ್ದವರು. ಅವರ ಲೀಗ್ ಗಿರಣಿ ಕೆಲಸಗಾರರಿಗಾಗಿ ರಾತ್ರಿ ಶಾಲೆ ನಡೆಸಿತು. 1922ರಲ್ಲಿ ಅದೇ ಲೀಗಿನ ಆಸರೆಯಲ್ಲಿ ಪರೇಲಿನಲ್ಲಿ ದಾಮೋದರ ಹಾಲ್ ಎಂಬ ನಾಟ್ಯಗೃಹವೂ ಎದ್ದಿತು. ದಿನವಿಡೀ ಮಗ್ಗದ ಮುಂದೆ ನಿಂತವನಿಗೆ ಸಂಜೆ ಕೂತು ನಾಟಕ ನೋಡಲು, ಹಾಡು ಕೇಳಲು ಒಂದು ಜಾಗ ಬೇಕು ಎಂಬುದು ಆ ಕಾಲದ ಸಮಾಜ ಸುಧಾರಕರಿಗೆ ಹೊಳೆದಿತ್ತು.

ಎಂಬತ್ತೈದು ವರ್ಷಗಳ ನಂತರ, 2007ರ ಡಿಸೆಂಬರಿನಲ್ಲಿ, ಜೋಶಿಯವರ ಹೆಸರಿನ ರಸ್ತೆಯಲ್ಲೇ ಇರುವ ಮಥುರಾದಾಸ್ ಮಿಲ್ ಕಾಂಪೌಂಡಿನೊಳಗೆ ಬ್ಲೂ ಫ್ರಾಗ್ ಎಂಬ ಸಂಗೀತದ ಕ್ಲಬ್ ಬಾಗಿಲು ತೆರೆಯಿತು. ಅದು 2016ರಲ್ಲಿ ಮುಚ್ಚಿತು. ಆ ಕಾಂಪೌಂಡಿನಲ್ಲಿ ಆಮೇಲೆ ಆ್ಯಂಟಿಸೋಶಿಯಲ್ ಬಂತು. ನಾನು ಸೈಕೆಡೆಲಿಕ್ ರಾಕ್ ಬ್ಯಾಂಡೊಂದನ್ನು ಮೊದಲ ಸಲ ಹತ್ತಿರದಿಂದ ಕೇಳಿದ್ದು ಈ ಹಳೆಯ ಮಿಲ್ಲುಗಳ ನೆರಳಿನ ಒಂದು ಸಣ್ಣ ಕೋಣೆಯಲ್ಲಿ. ಅಂದಿನಿಂದ ಒಂದು ಪ್ರಶ್ನೆ ಕಾಡುತ್ತಿದೆ: ಈ ಸಂಗೀತ ಈ ಅಂಗಳಕ್ಕೆ ಬಂದದ್ದು ಹೇಗೆ? ಇದು ಬರಲು ಇಲ್ಲಿಂದ ಯಾರು ಹೋಗಬೇಕಾಯಿತು? ಉತ್ತರ ಹುಡುಕುತ್ತಾ ಹೋದಂತೆ ನನಗೆ ಸಿಕ್ಕಿದ್ದು ಬ್ಯಾಂಡುಗಳ ಇತಿಹಾಸಕ್ಕಿಂತ ಹೆಚ್ಚಾಗಿ ಕೋಣೆಗಳ ಇತಿಹಾಸ.

ಸೈಕೆಡೆಲಿಕ್ ರಾಕ್ ಎಂದರೇನು ಎಂಬುದನ್ನು ಮೊದಲು ಸರಳವಾಗಿ ಹೇಳಿಬಿಡುತ್ತೇನೆ. ‘ಸೈಕೆಡೆಲಿಕ್’ ಎಂಬ ಪದವನ್ನು ಐವತ್ತರ ದಶಕದಲ್ಲಿ ಟಂಕಿಸಿದವರು ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು. ಮನಸ್ಸನ್ನು ತೆರೆದು ತೋರಿಸುವುದು ಎಂಬ ಅರ್ಥದಲ್ಲಿ. 1966ರ ಹೊತ್ತಿಗೆ ಅಮೆರಿಕ, ಇಂಗ್ಲೆಂಡಿನ ರಾಕ್ ಬ್ಯಾಂಡುಗಳು ಆ ಪದವನ್ನು ಎತ್ತಿಕೊಂಡವು. ಎಲ್ಎಸ್‌ಡಿಯ ನಂಟು ಇತ್ತು, ನಿಜ. ಆದರೆ ಕಿವಿಗೆ ಕೇಳುವುದು ಬೇರೆ ಸಂಗತಿಗಳು. ಮೂರು ನಿಮಿಷಕ್ಕೆ ಮುಗಿಯಬೇಕಿದ್ದ ಹಾಡು ಹತ್ತು ಹದಿನೈದು ನಿಮಿಷಕ್ಕೆ ಹಿಗ್ಗುತ್ತದೆ. ಗಿಟಾರಿನ ಸ್ವರವನ್ನು ಬೇಕೆಂದೇ ಒಡಕು ಮಾಡುವ ಫಜ್, ಅದೇ ಸ್ವರವನ್ನು ಪ್ರತಿಧ್ವನಿಯಾಗಿ ಮರಳಿಸುವ ಡಿಲೇ, ಬಾಯಿ ತೆರೆದು ಮುಚ್ಚಿದಂತೆ ಕೇಳಿಸುವ ವಾ-ವಾ ಪೆಡಲ್ ಬರುತ್ತವೆ. ಇವೆಲ್ಲದರ ಅಡಿಯಲ್ಲಿ ಒಂದೇ ಶ್ರುತಿ ಹಿಡಿದು ನಿಲ್ಲುವ ನಾದ. ಈ ಕೊನೆಯದರಲ್ಲಿ ನಮ್ಮ ತಂಬೂರಿಯ ಪಾಲೂ ಇದೆ. 1966ರಲ್ಲಿ ಬೀಟಲ್ಸ್ ತಮ್ಮ ‘ಟುಮಾರೋ ನೆವರ್ ನೋಸ್’ ಹಾಡಿನಲ್ಲಿ ತಂಬೂರಿಯನ್ನೇ ಬಳಸಿದ್ದರು.

ಈ ಸಂಗೀತ ದೊಡ್ಡ ಮೈದಾನಗಳಲ್ಲಿ ಹುಟ್ಟಿದ್ದಲ್ಲ. ಪಿಂಕ್ ಫ್ಲಾಯ್ಡ್ ತನ್ನ ಸದ್ದನ್ನು ಕಂಡುಕೊಂಡದ್ದು ಲಂಡನ್ನಿನ ಯುಎಫ್ಒ ಕ್ಲಬ್ಬಿನಲ್ಲಿ. ಅದು ಟಾಟನ್‌ಹ್ಯಾಮ್ ಕೋರ್ಟ್ ರೋಡಿನಲ್ಲಿ ಐರಿಷ್ ವಲಸಿಗರು ಕುಣಿಯುತ್ತಿದ್ದ ಒಂದು ನೆಲಮಾಳಿಗೆಯ ಹಾಲ್. 1966ರ ಡಿಸೆಂಬರಿನಲ್ಲಿ ಶುರುವಾದ ಕ್ಲಬ್ಬು ಒಂದು ವರ್ಷ ತುಂಬುವ ಮೊದಲೇ ಮುಗಿದುಹೋಯಿತು. ಗೋಡೆಯ ಮೇಲೆ ಬಣ್ಣದ ಎಣ್ಣೆ ಹರಿದಂಥ ಬೆಳಕು, ಮೈಗೆ ಮೈ ತಾಗುವಷ್ಟು ಜನ, ತಗ್ಗಿನ ಚಾವಣಿ. ಬ್ಯಾಂಡಿನ ಸದ್ದು ಎಷ್ಟು ಮುಖ್ಯವೋ ಕೋಣೆಯ ಗಾತ್ರವೂ ಅಷ್ಟೇ ಮುಖ್ಯವಾಗಿತ್ತು. ಆ ಕೋಣೆ ಮೂಲತಃ ಬೇರೆ ಯಾವುದೋ ವಲಸಿಗರದ್ದು, ಬಾಡಿಗೆಗೆ ಸಿಕ್ಕಿದ್ದು, ಬಹಳ ದಿನ ಉಳಿಯಲಿಲ್ಲ. ಈ ಮೂರು ಮಾತನ್ನು ನೆನಪಿಟ್ಟುಕೊಳ್ಳಿ, ಮುಂಬಯಿಯಲ್ಲೂ ಇವೇ ಮರುಕಳಿಸುತ್ತವೆ.

ಮುಂಬಯಿಗೂ ಈ ಸಂಗೀತಕ್ಕೂ ನಂಟು ಬೆಳೆದದ್ದು ಬೇಗನೆ. 1968ರ ಜನವರಿಯಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಫೋರ್ಟಿನ ಎಚ್ಎಂವಿ ಸ್ಟುಡಿಯೋಗೆ ಬಂದು ‘ವಂಡರ್‌ವಾಲ್ ಮ್ಯೂಸಿಕ್’ ಆಲ್ಬಮ್ಮಿನ ಒಂದು ಭಾಗವನ್ನು ಮುದ್ರಿಸಿಕೊಂಡರು. ಶಿವಕುಮಾರ ಶರ್ಮಾರಂಥವರು ಅದರಲ್ಲಿ ನುಡಿಸಿದರು. ಹೊರಗಿನ ಟ್ಯಾಕ್ಸಿಗಳ ಸದ್ದು ಸ್ಟುಡಿಯೋದೊಳಗೆ ಬರುತ್ತಿತ್ತೆಂದು ಹ್ಯಾರಿಸನ್ ಆಮೇಲೆ ನೆನಪಿಸಿಕೊಂಡಿದ್ದಾರೆ. 1972ರ ಅಕ್ಟೋಬರಿನಲ್ಲಿ ಲೆಡ್ ಜೆಪ್ಪೆಲಿನ್‌ನ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ಈ ಊರಿನ ವಾದ್ಯಗಾರರ ಜೊತೆ ಧ್ವನಿಮುದ್ರಣಕ್ಕೆಂದು ಬಂದವರು ಕೊಲಾಬಾದ ಸ್ಲಿಪ್ ಡಿಸ್ಕ್ ಎಂಬ ಪುಟ್ಟ ಡಿಸ್ಕೊಥೆಕ್ಕಿಗೆ ಹೋದರು. ಅಲ್ಲಿನ ಹುಡುಗರ ವಾದ್ಯಗಳನ್ನೇ ಎತ್ತಿಕೊಂಡು ನುಡಿಸಿದರು. ಆಗ ಜಗತ್ತಿನ ದೊಡ್ಡ ಸ್ಟೇಡಿಯಂಗಳನ್ನು ತುಂಬಿಸುತ್ತಿದ್ದ ಇಬ್ಬರು ಒಂದು ಬಾರಿನಷ್ಟು ದೊಡ್ಡ ಕೋಣೆಯಲ್ಲಿ ನಿಂತಿದ್ದರು.

ಆದರೆ ಈ ಕಥೆಯನ್ನು ಬಂದುಹೋದ ದೊಡ್ಡವರಿಂದಷ್ಟೇ ಹೇಳಿದರೆ ಇಲ್ಲಿಯ ಹುಡುಗರಿಗೆ ಅನ್ಯಾಯವಾಗುತ್ತದೆ. ವಿದೇಶಿ ಗಿಟಾರು, ಆಂಪ್ಲಿಫೈಯರುಗಳ ಆಮದು ಬಲು ಕಷ್ಟವಾಗಿದ್ದ ಕಾಲ ಅದು. ಕೈಯಲ್ಲೇ ಜೋಡಿಸಿದ ಆಂಪ್ಲಿಫೈಯರು, ಯಾರೋ ಬಿಟ್ಟುಹೋದ ಸೆಕೆಂಡ್ ಹ್ಯಾಂಡ್ ಗಿಟಾರು, ರೇಡಿಯೋ ಕೇಳಿ ಕೇಳಿ ಬಾಯಿಪಾಠ ಮಾಡಿದ ಹಾಡುಗಳು. ಇಷ್ಟರಲ್ಲೇ ದೇಶದ ಹಲವು ಊರುಗಳಲ್ಲಿ ಬೀಟ್ ಗ್ರೂಪುಗಳು ಎದ್ದವು. ಅವುಗಳಿಗೆ ವೇದಿಕೆ ಕೊಟ್ಟಿದ್ದು ಒಂದು ಸಿಗರೇಟು. ಸಿಮ್ಲಾ ಎಂಬ ಬ್ರಾಂಡಿನ ಪ್ರಚಾರಕ್ಕೆಂದು ನಡೆದ ಸಿಮ್ಲಾ ಬೀಟ್ ಸ್ಪರ್ಧೆಯಿಂದ 1970 ಮತ್ತು 1971ರಲ್ಲಿ ಎರಡು ಆಲ್ಬಂಗಳು ಹೊರಬಂದವು. ಅವನ್ನು ಇಂದು ಜಗತ್ತಿನ ಬೇರೆ ಬೇರೆ ಮೂಲೆಗಳ ರೆಕಾರ್ಡ್ ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಬೆಂಗಳೂರಿನ ಹೆಸರಿನೊಂದಿಗೆ ಬೆಸೆದುಕೊಂಡಿದ್ದ ಹ್ಯೂಮನ್ ಬಾಂಡೇಜ್, ಮುಂಬಯಿಯ ಅಟಾಮಿಕ್ ಫಾರೆಸ್ಟ್ ಎಪ್ಪತ್ತರ ದಶಕದ ಹೆಸರುಗಳು. ಅಟಾಮಿಕ್ ಫಾರೆಸ್ಟ್ ವರ್ಷಗಟ್ಟಲೆ ನುಡಿಸಿದರೂ ಅದರ ಆಲ್ಬಂ ಅಂಗಡಿಗೆ ಬಂದದ್ದು 1981ರಲ್ಲಿ. ಮೂವತ್ತು ವರ್ಷಗಳ ನಂತರ, 2011ರಲ್ಲಿ, ಲಾಸ್ ಏಂಜಲೀಸಿನ ನೌ-ಅಗೇನ್ ಎಂಬ ಕಂಪನಿ ಅದನ್ನು ಮತ್ತೆ ಹೊರತಂದಾಗ ನಮ್ಮಲ್ಲಿ ಎಷ್ಟೋ ಜನರಿಗೆ ಅಂಥದೊಂದು ಬ್ಯಾಂಡು ಇತ್ತೆಂದು ಗೊತ್ತಾಯಿತು.

ಈ ಬ್ಯಾಂಡುಗಳು ನಿಂತು ನುಡಿಸಿದ ನೆಲ ಯಾವುದೂ ಅವುಗಳದ್ದಾಗಿರಲಿಲ್ಲ. ಸಿಗರೇಟು ಮಾರುವವರಿಗೆ ಪ್ರಚಾರ ಬೇಕಿದ್ದಷ್ಟು ದಿನ ಸ್ಪರ್ಧೆ, ಹೋಟೆಲಿನವರಿಗೆ ಗಿರಾಕಿ ಸಿಗುವಷ್ಟು ದಿನ ವೇದಿಕೆ. ಆಮೇಲೆ ಡಿಸ್ಕೋ ಬಂತು. ಒಬ್ಬ ರೆಕಾರ್ಡ್ ಹಾಕುವವ ಸಾಕು ಎಂದಾದ ಮೇಲೆ ಐದು ಜನರ ಬ್ಯಾಂಡಿಗೆ ಸಂಬಳ ಕೊಡುವವರು ಯಾರು?

1986ರಲ್ಲಿ ಫರ್ಹಾದ್ ವಾಡಿಯಾ ಧೋಬಿ ತಲಾವಿನ ರಂಗ್ ಭವನದಲ್ಲಿ ಇಂಡಿಪೆಂಡೆನ್ಸ್ ರಾಕ್ ಶುರುಮಾಡಿದಾಗ ಮುಂಬಯಿಯ ರಾಕ್ ಸಂಗೀತಕ್ಕೆ ಮತ್ತೊಂದು ಮನೆ ಸಿಕ್ಕಿತು. ಸೇಂಟ್ ಝೇವಿಯರ್ಸ್ ಕಾಲೇಜಿನ ಪಕ್ಕದ ಆ ಬಯಲು ರಂಗಮಂದಿರ ಒಂದು ಇಡೀ ತಲೆಮಾರಿನ ಹುಡುಗರಿಗೆ ತೀರ್ಥಕ್ಷೇತ್ರವಾಗಿತ್ತು. ಅದು ಕೈತಪ್ಪಿದ್ದು ಕಾನೂನಿನಿಂದ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರ್ ಜಾಗ ಮೌನ ವಲಯವಾಗಬಹುದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ನಿಷಿದ್ಧ. ರಂಗ್ ಭವನ ಕಾಲೇಜು, ಆಸ್ಪತ್ರೆಗಳ ನಡುವೆ ಸಿಕ್ಕಿಕೊಂಡಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿ ರಾಕ್ ಸದ್ದು ನಿಂತಿತು. ಆದರೆ ಅದೇ ನಿಯಮದಲ್ಲಿ ಒಂದು ಕಿಂಡಿ ಇದೆ: ರಾತ್ರಿಯ ನಿಷೇಧ ಮುಚ್ಚಿದ ಸಭಾಂಗಣ, ಕೋಣೆಗಳಿಗೆ ಅನ್ವಯಿಸುವುದಿಲ್ಲ. ಹೀಗೆ ಬಯಲಿನಲ್ಲಿದ್ದ ಸಂಗೀತ ನಾಲ್ಕು ಗೋಡೆಗಳೊಳಗೆ ನಡೆಯಿತು. ಮನೆಗಳಿಂದ ದೂರ ಇರುವ, ಎತ್ತರದ ಚಾವಣಿಯ, ದಪ್ಪ ಗೋಡೆಯ ಕಟ್ಟಡಗಳು ಮುಂಬಯಿಯ ನಟ್ಟನಡುವೆ ಎಲ್ಲಿ ಸಿಗುತ್ತವೆ? ಪರೇಲಿನಲ್ಲಿ. ಗಿರಣಿಗಳ ಊರಿನಲ್ಲಿ.

ಪರೇಲ್, ಲಾಲ್‌ಬಾಗ್, ಲೋವರ್ ಪರೇಲ್, ವರ್ಲಿ ಕಡೆಯ ಈ ಸೀಮೆಗೆ ಗಿರಣಗಾಂವ್ ಎಂದು ಹೆಸರು. ಗೋಕಾಕ, ಹುಬ್ಬಳ್ಳಿ ಕಡೆಯವರಿಗೆ ಗಿರಣಿ, ಚಾಳು ಎಂಬ ಪದಗಳನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಖೋಲಿಯಲ್ಲಿ ಹತ್ತಾರು ಗಂಡಸರು ಪಾಳಿಯ ಮೇಲೆ ಮಲಗುತ್ತಿದ್ದರು. ಒಬ್ಬ ಕೆಲಸಕ್ಕೆ ಹೊರಟರೆ ಅವನ ಹಾಸಿಗೆಗೆ ಮತ್ತೊಬ್ಬ ಬರುತ್ತಿದ್ದ. ಊರಿನಿಂದ ಅವರು ತಂದದ್ದು ಭಜನೆ, ದಶಾವತಾರ, ತಮಾಶಾ. ಅಣ್ಣಾಭಾವು ಸಾಠೆ, ಅಮರ ಶೇಖ್‌ರಂಥ ಶಾಹಿರರು ಇದೇ ಬೀದಿಗಳಲ್ಲಿ ಹಾಡಿದರು. ನಮ್ಮ ಕರಾವಳಿಯ ಹುಡುಗರು ಈ ಊರಿನ ಹೋಟೆಲುಗಳಲ್ಲಿ ಹಗಲಿಡೀ ದುಡಿದು ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದದ್ದೂ ಇದೇ ಕಾಲ. ಮುಂಬಯಿಯ ಕಾರ್ಮಿಕ ಬದುಕನ್ನು ಕನ್ನಡದಲ್ಲಿ ಓದಬೇಕೆನ್ನುವವರಿಗೆ ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಇದೆ. 1986ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಅದು ಗೆಲ್ಲಲಿಲ್ಲ, ಅಧಿಕೃತವಾಗಿ ಮುಗಿಯಲೂ ಇಲ್ಲ. ಗಿರಣಿಗಳು ಒಂದೊಂದಾಗಿ ನಿಂತವು, ನೆಲದ ಬೆಲೆ ಬಟ್ಟೆಯ ಬೆಲೆಯನ್ನು ಮೀರಿತು. 1991ರ ಅಭಿವೃದ್ಧಿ ನಿಯಮಾವಳಿ ಗಿರಣಿ ನೆಲವನ್ನು ಮೂರು ಪಾಲು ಮಾಡಿ ಒಂದನ್ನು ನಗರದ ತೆರೆದ ಜಾಗಕ್ಕೆ, ಒಂದನ್ನು ಸಾರ್ವಜನಿಕ ವಸತಿಗೆ, ಒಂದನ್ನು ಮಾಲೀಕರಿಗೆ ಎಂದು ಹೇಳಿತ್ತು. 2001ರ ತಿದ್ದುಪಡಿ ಖಾಲಿ ಬಿದ್ದ ನೆಲವನ್ನಷ್ಟೇ ಹೀಗೆ ಹಂಚಬೇಕೆಂದಿತು. ನಗರದ ಪಾಲು, ವಸತಿಯ ಪಾಲು ಎರಡೂ ಕುಗ್ಗಿದವು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮರುವರ್ಷವೇ ಬ್ಲೂ ಫ್ರಾಗ್.

ಅದನ್ನು ಕಟ್ಟಿದವರಲ್ಲಿ ಧ್ರುವ ಘಾಣೇಕರ್, ಆಶು ಫಾಟಕ್‌ರಂಥ ಸಂಗೀತಗಾರರೇ ಇದ್ದರು. ಮಿಲ್ಲಿನ ಹಳೆಯ ಗೋದಾಮಿನೊಳಗೆ ಸೀರಿ ಆರ್ಕಿಟೆಕ್ಟ್ಸ್ ರೂಪಿಸಿದ ಆ ಜಾಗದಲ್ಲಿ ದುಂಡನೆಯ ಆಸನಗಳು ಮೆಟ್ಟಿಲುಮೆಟ್ಟಿಲಾಗಿ ಏರುತ್ತಾ ವೇದಿಕೆಯತ್ತ ಮುಖ ಮಾಡಿದ್ದವು. ಸಿನಿಮಾ ಹಾಡಿಲ್ಲದೆ, ಸ್ವಂತ ಹಾಡು ಹಾಡುವ ಬ್ಯಾಂಡಿಗೂ ಒಳ್ಳೆಯ ಸೌಂಡ್ ಸಿಸ್ಟಂ ಸಿಗಬಹುದು ಎಂಬುದನ್ನು ಅದು ಈ ನಗರಕ್ಕೆ ತೋರಿಸಿತು.

ನಾನು ಕೇಳಿದ ಬ್ಯಾಂಡು ಬೆಂಗಳೂರಿನ ಪರ್ವಾಜ್. ಹೆಸರಿನ ಅರ್ಥ ಹಾರಾಟ. ಜಮ್ಮು-ಕಾಶ್ಮೀರದಿಂದ ಬೆಂಗಳೂರಿಗೆ ಬಂದ ಖಾಲಿದ್ ಅಹಮದ್, ಕಾಶಿಫ್ ಇಕ್ಬಾಲ್ ಎಂಬ ಗೆಳೆಯರು 2010ರಲ್ಲಿ ಕಟ್ಟಿದ್ದು. ಡ್ರಮ್ಸಿಗೆ ಸಚಿನ್ ಬಾನಂದೂರು, ಬಾಸಿಗೆ ಫಿಡೆಲ್ ಡಿಸೋಜಾ ಸೇರಿದರು. 2012ರಲ್ಲಿ ‘ಬೇಹೋಶ್’, 2014ರಲ್ಲಿ ‘ಬಾರಾನ್’, 2019ರಲ್ಲಿ ‘ಕುನ್’. ಹಾಡುವುದು ಉರ್ದು, ಕಾಶ್ಮೀರಿಗಳಲ್ಲಿ. ಕಾಶ್ಮೀರದಿಂದ ಬೆಂಗಳೂರಿಗೆ ವಲಸೆ ಬಂದ ಹಾಡನ್ನು ಕರ್ನಾಟಕದಿಂದ ಮುಂಬಯಿಗೆ ವಲಸೆ ಬಂದವನು ಕೇಳುತ್ತಿದ್ದಾನೆ. ಕೇಳುವ ಜಾಗವೋ, ಕೊಂಕಣದಿಂದ, ಘಟ್ಟದ ಮೇಲಿನಿಂದ ವಲಸೆ ಬಂದವರು ದುಡಿದ ಅಂಗಳ.

ಅಂದು ಇದ್ದದ್ದು ಇನ್ನೂರು ಜನವಿರಬೇಕು. ವೇದಿಕೆ ನನ್ನ ಮೊಣಕಾಲಿನಷ್ಟು ಎತ್ತರ. ಗಿಟಾರಿನ ಒಂದು ಸ್ವರ ಡಿಲೇಯಲ್ಲಿ ಸುತ್ತುತ್ತಾ ಸುತ್ತುತ್ತಾ ಅಡಗುವ ಮೊದಲೇ ಇನ್ನೊಂದು ಸ್ವರ ಅದರ ಮೇಲೆ ಕೂರುತ್ತಿತ್ತು. ಡ್ರಮ್ಸು ಬಹಳ ಹೊತ್ತು ಸುಮ್ಮನಿತ್ತು. ಬಂದಾಗ ಮೊದಲು ಗೊತ್ತಾದದ್ದು ಕಿವಿಗಲ್ಲ, ಪಕ್ಕೆಲುಬಿಗೆ. ಹಾಡು ಎಲ್ಲಿ ಮುಗಿಯುತ್ತದೆ ಎಂದು ನಾವು ಊಹಿಸಿದೆವೋ ಅಲ್ಲಿ ಅವರು ಮುಗಿಸಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಲೆಯಾಡಿಸಿ, ಅದೇ ವರಸೆಯನ್ನು ಮತ್ತೆ ಎತ್ತಿಕೊಂಡರು. ಎಲ್ಲರೂ ತಣ್ಣಗಾದ ಒಂದು ಕ್ಷಣದಲ್ಲಿ ಬಾರಿನ ಕಡೆ ಗ್ಲಾಸು ತಾಗಿದ ಸದ್ದು ಕೇಳಿತು. ಯಾರೂ ಹಿಂದಿರುಗಿ ನೋಡಲಿಲ್ಲ. ಸಾಹಿತ್ಯದಲ್ಲಿ ಅರ್ಧಕ್ಕರ್ಧ ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಮರಾಠಿ ಹುಡುಗನಿಗೂ ಆಗಿರಲಿಕ್ಕಿಲ್ಲ, ಆದರೂ ಅವನು ಕಣ್ಣುಮುಚ್ಚಿಕೊಂಡು ಹಾಡುತ್ತಿದ್ದ.

ನನಗೆ ನೆನಪಾದದ್ದು ತಾಳಮದ್ದಳೆ. ಅಲ್ಲೂ ವೇಷವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತರು, ಚೆಂಡೆ, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು, ಮಾರು ದೂರದಲ್ಲಿ ಕೇಳುವವರು. ಮುಂದಿನ ಸಾಲಿನವನು ‘ಆಹಾ’ ಅಂದರೆ ಅರ್ಥ ಇನ್ನೊಂದು ಗಳಿಗೆ ಬೆಳೆಯುತ್ತದೆ, ಆಕಳಿಸಿದರೆ ಮೊಟಕಾಗುತ್ತದೆ. ಸೈಕೆಡೆಲಿಕ್ ಬ್ಯಾಂಡಿನ ಹಾಡು ಹಿಗ್ಗುವುದೂ ಕುಗ್ಗುವುದೂ ಹೀಗೆಯೇ. ಸ್ಟೇಡಿಯಂನಲ್ಲಿ ಹಾಡುಗಾರನಿಗೆ ನಿಮ್ಮ ಮುಖ ಕಾಣುವುದಿಲ್ಲ, ಅಲ್ಲಿ ಪಟ್ಟಿಯಲ್ಲಿರುವಂತೆ ಹಾಡಿ ಮುಗಿಸಬೇಕು. ಇನ್ನು ಮತ್ತಿನ ಮಾತು. ಹತ್ತೊಂಬತ್ತನೇ ಶತಮಾನದ ನಮ್ಮ ಶಿಶುನಾಳ ಷರೀಫರು ಹುಕ್ಕಾ ಸೇದುವುದನ್ನೇ ರೂಪಕ ಮಾಡಿ ತತ್ವಪದ ಕಟ್ಟಿದ್ದಾರೆ. ಅಲ್ಲಿನ ಹೊಗೆ ತಂಬಾಕಿನದಲ್ಲ. ರವಿಶಂಕರರೂ ತಮ್ಮ ಸಂಗೀತವನ್ನು ಮಾದಕವಸ್ತುವಿಗೆ ತಳುಕು ಹಾಕಿದ್ದನ್ನು ಬಹಿರಂಗವಾಗಿಯೇ ವಿರೋಧಿಸಿದ್ದರು. ಅಂದು ರಾತ್ರಿ ನಾನು ಕುಡಿದದ್ದು ಒಂದು ನಿಂಬೆ ಸೋಡಾ.

ಆದರೆ ಸದ್ದಿನ ಲೆಕ್ಕ ಬಿಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆಂದು ಒಂದು ಮಾನದಂಡ ಹೊರಡಿಸಿತು: ಸರಾಸರಿ ಸದ್ದು ನೂರು ಡೆಸಿಬೆಲ್ ಮೀರಬಾರದು. ಹಳೆಯ ಲಾಳಿ ಮಗ್ಗಗಳ ನೇಯ್ಗೆ ಶೆಡ್ಡಿನೊಳಗೆ ಇರುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ ಸದ್ದು. ಮಗ್ಗದವರು ಅದನ್ನು ದಿನಕ್ಕೆ ಎಂಟು ಗಂಟೆ, ಇಡೀ ಆಯುಷ್ಯ ಕೇಳಿದರು. ಮಾತಾಡಬೇಕಾದರೆ ಕೈಸನ್ನೆ, ತುಟಿಯ ಚಲನೆ. ಹಲವರ ಕಿವಿಯೇ ಹೋಯಿತು. ನಾವು ದುಡ್ಡು ಕೊಟ್ಟು ಎರಡು ಗಂಟೆ ಕೇಳಿ, ಕಿವಿ ಗುಂಯ್‌ಗುಡುತ್ತಾ ಹೊರಬಂದು, ಮಜಾ ಬಂತು ಎನ್ನುತ್ತೇವೆ. ಒಂದೇ ಅಂಗಳ, ಹೆಚ್ಚುಕಡಿಮೆ ಒಂದೇ ಸದ್ದು. ಬೇಡವೆನ್ನುವ ಸ್ವಾತಂತ್ರ್ಯ ನಮಗೆ ಮಾತ್ರ ಇತ್ತು.

ಹಾಗೆಂದು ಈ ಕೋಣೆಗಳೇ ಗಿರಣಿಯವರನ್ನು ಓಡಿಸಿದವು ಎಂದರೆ ಸುಳ್ಳಾಗುತ್ತದೆ. ಬ್ಲೂ ಫ್ರಾಗ್ ಬರುವ ಹೊತ್ತಿಗೆ ಮಗ್ಗಗಳು ನಿಂತು ಎಷ್ಟೋ ವರ್ಷವಾಗಿತ್ತು. ಗಿರಣಿಯನ್ನು ತೆಗೆದ ನೆಲದ ಬೆಲೆಯೇ ಸಂಗೀತದ ಕೋಣೆಗಳನ್ನೂ ಹಿಂಡುತ್ತದೆ ಎಂಬುದು ನನಗೆ ಕಾಣುವ ಸತ್ಯ. ಇನ್ನೂರು ಟಿಕೆಟ್ಟಿನಿಂದ ಲೋವರ್ ಪರೇಲಿನ ಬಾಡಿಗೆ ಹುಟ್ಟುವುದಿಲ್ಲ. ಊಟ, ಮದ್ಯದಿಂದ ಹುಟ್ಟಬೇಕು. ಆದ್ದರಿಂದ ಟೇಬಲ್ಲು ಹೆಚ್ಚಬೇಕು, ಬಾಡಿಗೆಗೆ ಸಿಕ್ಕ ಪ್ರತಿ ಅಡಿಯೂ ದುಡಿಯಬೇಕು. 2017ರ ಡಿಸೆಂಬರ್ 29ರಂದು, ನಡುರಾತ್ರಿ ಕಳೆದ ಮೇಲೆ, ಇಲ್ಲಿಂದ ಕೂಗಳತೆಯ ಕಮಲಾ ಮಿಲ್ಸ್‌ನಲ್ಲಿ ಚಾವಣಿಯ ಮೇಲಿನ ರೆಸ್ಟೋರೆಂಟುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. ಅದಾದ ಮೇಲೆ ನಾನು ಇಂಥ ಯಾವ ಜಾಗಕ್ಕೆ ಹೋದರೂ ವೇದಿಕೆಗಿಂತ ಮೊದಲು ಹೊರಬಾಗಿಲು ಎಲ್ಲಿದೆ ಎಂದು ನೋಡುತ್ತೇನೆ. ನೀವೂ ನೋಡಿ.

ದಾಮೋದರ ಹಾಲ್ ಶತಮಾನ ಕಂಡಿತು. 2023ರ ನವೆಂಬರಿನಲ್ಲಿ ಅದೂ ಪುನರಭಿವೃದ್ಧಿಗೆಂದು ಬಾಗಿಲು ಹಾಕಿದಾಗ ಮರಾಠಿ ರಂಗಭೂಮಿಯವರು ಬೀದಿಗಿಳಿದು ಪ್ರತಿಭಟಿಸಿದರು. ಎರಡು ಜಾಗಗಳ ಆಯುಷ್ಯವನ್ನು ಪಕ್ಕಪಕ್ಕ ಇಟ್ಟುನೋಡಿ: ಒಂದಕ್ಕೆ ನೂರು ವರ್ಷ, ಇನ್ನೊಂದಕ್ಕೆ ಒಂಬತ್ತು. ಒಂದರ ಬೆನ್ನಿಗೆ ಒಂದು ಸಂಸ್ಥೆ ಇತ್ತು, ಕೋಣೆ ದುಡಿಯದಿದ್ದರೂ ಇರಬೇಕು ಎಂಬ ಒಪ್ಪಂದವಿತ್ತು. ಇನ್ನೊಂದಕ್ಕೆ ಪ್ರತಿ ತಿಂಗಳ ಬಾಡಿಗೆಯೇ ವಿಧಾತ. ಯುಎಫ್ಒ, ಸ್ಲಿಪ್ ಡಿಸ್ಕ್, ರಂಗ್ ಭವನ, ಬ್ಲೂ ಫ್ರಾಗ್ ಯಾವುದೂ ಕೇಳುವವರ ಕೊರತೆಯಿಂದ ಮುಗಿದದ್ದಲ್ಲ ಎಂದು ನನಗನಿಸುತ್ತದೆ. ನೆಲ ತಮ್ಮದಲ್ಲದ್ದರಿಂದ ಮುಗಿದವು.

ಈ ಮಾತು ನಮಗೆ ಹೊಸದೇನಲ್ಲ. ಮುಂಬಯಿ ಕನ್ನಡಿಗರು ಮಾತುಂಗಾದಲ್ಲಿ ಮೈಸೂರು ಅಸೋಸಿಯೇಶನ್ನಿಗೆ, ಮಾಹಿಮಿನಲ್ಲಿ ಕರ್ನಾಟಕ ಸಂಘಕ್ಕೆ ಸ್ವಂತ ಕಟ್ಟಡ ಕಟ್ಟಿಕೊಂಡರು. ಅದರಿಂದಲೇ ಇಂದಿಗೂ ಅಲ್ಲಿ ನಾಟಕ, ಯಕ್ಷಗಾನ, ಪುಸ್ತಕ ಬಿಡುಗಡೆ ನಡೆಯುತ್ತಿವೆ. ಹಿಂದಿನವರು ಕೈಯಿಂದ ವಂತಿಗೆ ಹಾಕಿ ಗಳಿಸಿದ್ದು ಅದು. ಆ ಹಾಲ್‌ಗಳಲ್ಲಿ ಬಾಡಿಗೆ ಕಡಿಮೆ, ಕುಡಿತವಿಲ್ಲ, ವೇದಿಕೆ ಹತ್ತಿರ. ತಿಂಗಳಲ್ಲಿ ಒಂದು ಸಂಜೆಯನ್ನು ಗಿಟಾರು ಹಿಡಿದ ಹುಡುಗ ಹುಡುಗಿಯರಿಗೂ ಬಿಟ್ಟುಕೊಡಬಹುದಲ್ಲವೇ ಎಂದು ಕಾರ್ಯಕಾರಿ ಸಮಿತಿಯಲ್ಲಿರುವ ಹಿರಿಯರನ್ನು ಕೇಳುವುದು ಈಗ ನಮ್ಮ ಕೆಲಸ. ಸದ್ದು ಜಾಸ್ತಿಯಾಯಿತು ಎಂದು ಅವರು ಖಂಡಿತ ಬೈಯುತ್ತಾರೆ. ಚೆಂಡೆಯ ಸದ್ದೂ ಏನು ಕಡಿಮೆಯೇ ಎಂದು ಕೇಳಿ ನೋಡೋಣ.